ಕಾರ್ಖಾನೆಗೂ ಮನೆಗೂ ನಡುವಣ ಬಯಲು



ಪಟ್ಟಣದ ಅಭಿವೃದ್ಧಿಯ ನಕ್ಷೆಯನ್ನು ತಾವು ನೋಡಿರಬಹುದು. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಗಳಿಗೆ ಹಸುರು ಎಂದು ಬಣ್ಣಗಳನ್ನು ಹಚ್ಚಿರುತ್ತಾರೆ. ನಮ್ಮ ನಿವೇಶನವು ಯಾವ ಬಣ್ಣದಲ್ಲಿ ಬಿದ್ದಿದೆಯೆಂದು ಬೆರಳಿಟ್ಟು ಹುಡುಕುವುದು ನಮ್ಮೆಲ್ಲರ ವಾಡಿಕೆ. ಆದರೆ ನೇರಳೆಗೂ ಹಳದಿಗೂ ನಡುವೆ ಒಂದು ಸಣ್ಣ ಪಟ್ಟಿಯಿರುವುದುಂಟು. ಕೆಲವು ನಕ್ಷೆಗಳಲ್ಲಿ ಅದು ತೆಳುಹಸುರು, ಕೆಲವದರಲ್ಲಿ ಬರಿಯ ಬಿಳಿ. ಹಲವು ನಕ್ಷೆಗಳಲ್ಲಿ ಅದು ಇರುವುದೇ ಇಲ್ಲ. ಆ ಪಟ್ಟಿಯ ಮೇಲೆ ಯಾರೂ ಬೆರಳಿಡುವುದಿಲ್ಲ. ಈ ಹೊತ್ತು ನಾನು ತಮ್ಮ ಮುಂದೆ ಮಾತನಾಡಬೇಕೆಂದಿರುವುದು ಆ ಪಟ್ಟಿಯ ವಿಷಯ.

ಇಂಗ್ಲಿಷಿನವರು ಇದನ್ನು 'ಬಫರ್' ಎನ್ನುವರು. ರೈಲಿನ ಡಬ್ಬಿಗಳು ಒಂದಕ್ಕೊಂದು ತಾಕುವ ಕಡೆಯಲ್ಲಿ ಸ್ಪ್ರಿಂಗಿನ ಹಿಂಬಲವಿರುವ ಕಬ್ಬಿಣದ ಬಿಲ್ಲೆಗಳುಂಟಷ್ಟೆ. ಅವಕ್ಕೆ ಆ ಹೆಸರು. ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕಿಕೊಂಡ ಚಿಕ್ಕ ರಾಜ್ಯವನ್ನೂ ರಾಜನೀತಿಜ್ಞರು ಹಾಗೆಯೇ ಕರೆಯುವರು. ಈ ಎರಡು ಉಪಮೆಗಳೂ ನಮ್ಮ ವಿಷಯಕ್ಕೆ ಸರಿಹೊಂದವೆಂದು ನನ್ನ ಅಭಿಪ್ರಾಯ. ರೈಲಿನ ಬಿಲ್ಲೆ ಪೆಟ್ಟನ್ನು ತಾನೇ ತಿನ್ನುವುದು, ನೆಲ ತಿನ್ನುವುದಿಲ್ಲ. ಹೊಗೆ, ಧೂಳು, ಶಾಖ, ವಿಷಾನಿಲ ಇವು ಮನುಷ್ಯನನ್ನು ಮುಟ್ಟುವುದಕ್ಕೆ ಮೊದಲು ನೆಲವು ಅವನ್ನು ಸ್ವಲ್ಪ ದೂರ ನಡೆಸುವುದು. ನಡೆಯುತ್ತ ನಡೆಯುತ್ತ ಅವು ಬಡವಾಗುವುವು. ಅದು ಮಾಡುವ ಕೆಲಸ ಇಷ್ಟೇ. ಆದುದರಿಂದ ನಾನು ಇದನ್ನು ನಡುಬಯಲೆಂದೇ ಕರೆಯುವೆನು.

ನಮ್ಮ ಹಿಂದಿನವರಿಗೆ ಇಂಥ ಬಯಲಿನ ಕಲ್ಪನೆ ಇರಲಿಲ್ಲವೆಂದು ತಿಳಿಯಬೇಕಾದುದಿಲ್ಲ. ಇಟ್ಟಿಗೆಯ ಗೂಡು, ಸುಣ್ಣದ ಭಟ್ಟಿ, ಚರ್ಮ ಹದಮಾಡುವ ತೊಟ್ಟಿ ಇವೆಲ್ಲ ಊರ ಹೊರಗೆ ಇರುತ್ತಿದ್ದುವು. ಆದರೆ ಆ ಏರ್ಪಾಡನ್ನು ಹೊಗಳುವುದಕ್ಕೆ ಮುಂಚೆ ಒಂದು ಸಂಗತಿಯನ್ನು ನೆನೆಯಬೇಕು. ದುರ್ವಾಸನೆಯ ಕಸಬನ್ನು ಊರ ಹೊರಗೆ ಇಟ್ಟವರು ಆ ಕಸಬಿನವರ ಕೇರಿಯನ್ನೂ ಅದರ ಪಕ್ಕದಲ್ಲಿಯೇ ಇಟ್ಟರು. ಊರಿಗೂ ತೊಟ್ಟಿಗೂ ನಡುವೆ ಬಯಲಿತ್ತು. ಕೇರಿಗೂ ತೊಟ್ಟಿಗೂ ನಡುವೆ ಏನೂ ಇರಲಿಲ್ಲ. ಇಂದಿನ ಕೈಗಾರಿಕಾ ಪಟ್ಟಣಗಳಲ್ಲಿ ಈ ಹಳೆಯ ನಕ್ಷೆ ಅಳಿಸಿಹೋಗಿದೆಯೇ ಎಂಬುದನ್ನು ಮುಂದೆ ನೋಡೋಣ.

ಮೊದಲು, ದೂರದಿಂದ ಆಗುವ ಉಪಕಾರವೇನು? ಇದು ಅಪಾಯದ ಜಾತಿಯನ್ನು ಅವಲಂಬಿಸಿರುವುದು. ಯಂತ್ರದ ಸದ್ದು ಕೆಲವು ನೂರು ಗಜಗಳಲ್ಲಿ ಬಹುಮಟ್ಟಿಗೆ ಕುಗ್ಗುವುದು. ದಪ್ಪ ಧೂಳು ತನ್ನ ಭಾರದಿಂದಲೇ ಹತ್ತಿರದಲ್ಲಿ ಬೀಳುವುದು. ನುಣ್ಣನೆಯ ಧೂಳು, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯತಕ್ಕ ಧೂಳು, ಮೈಲಿಗಟ್ಟಲೆ ಹೋಗುವುದು. ಬೆಂಕಿಯ ಶಾಖ ದೂರ ಇಮ್ಮಡಿಯಾದರೆ ಸುಮಾರು ಕಾಲುಭಾಗಕ್ಕೆ ಇಳಿಯುವುದು. ಸ್ಫೋಟದ ಅಲೆಯೂ ಬೇಗ ದುರ್ಬಲವಾಗುವುದು. ಆದರೆ ಗೋಡೆಯನ್ನು ಬೀಳಿಸಲಾರದ ಅಲೆ ಕಿಟಕಿಯ ಗಾಜನ್ನು ಒಡೆಯಬಲ್ಲುದು, ಒಡೆದ ಗಾಜು ಕಣ್ಣನ್ನು ಕೀಳಬಲ್ಲುದು. ಇವೆಲ್ಲಕ್ಕಿಂತ ಮೋಸದ್ದು ವಿಷಾನಿಲ. ಗಾಳಿಗಿಂತ ಭಾರವಾದ ಅನಿಲವು ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿಯುವುದು. ಹಗಲು ಬಿಸಿಲು ಕಾದ ನೆಲದ ಮೇಲೆ ಗಾಳಿ ಮೇಲೇರುವುದರಿಂದ ಅದು ಚದರಿಹೋಗುವುದು. ಚಳಿಗಾಲದ ರಾತ್ರಿಯಲ್ಲಾದರೋ, ನೆಲ ತಣ್ಣಗಾಗಿ, ಮೇಲಿನ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕುಳಿತಿರುವಾಗ, ಅದು ನೆಲವನ್ನು ಬಿಟ್ಟು ಏಳದೆ ಬೀದಿಬೀದಿಯಾಗಿ ನಡೆಯುವುದು. ಜನ ಮಲಗಿರುವ ಹೊತ್ತೂ ಅದೇ.

ಗಿಡಮರಗಳನ್ನು ಬೆಳೆಸಿದರೆ ಸಾಲದೇ ಎಂದು ಕೇಳುವವರುಂಟು. ಎಲೆಗಳು ಧೂಳನ್ನು ಹಿಡಿಯುವುವು, ಕಣ್ಣಿಗೆ ತಂಪು, ನೆರಳೂ ಉಂಟು. ಆದರೆ ನಾಲ್ಕು ಸಾಲು ಮರ ನಾಲ್ವತ್ತು ಟನ್ನು ವಿಷಾನಿಲವನ್ನು ತಡೆಯಲಾರದು. ಮರದ ಮುಖ್ಯ ಉಪಯೋಗ, ನನ್ನ ಎಣಿಕೆಯಲ್ಲಿ, ಬೇರೊಂದು: ಮರವಿರುವ ಕಡೆ ಮನೆ ಏಳುವುದಿಲ್ಲ.

ಇನ್ನು ಗಾಳಿಯ ದಿಕ್ಕು. ಇಂಗ್ಲೆಂಡಿನಲ್ಲಿ ವರ್ಷದ ಹೆಚ್ಚು ಭಾಗ ಗಾಳಿ ಪಶ್ಚಿಮ, ನೈಋತ್ಯಗಳಿಂದ ಬೀಸುವುದು. ಎಬೆನೀಜರ್ ಹವರ್ಡರ ಉದ್ಯಾನನಗರದ ಕಲ್ಪನೆಯಂತೆ ೧೯೦೩ರಲ್ಲಿ ಲೆಚ್‌ವರ್ತ್ ಪಟ್ಟಣವನ್ನು ಕಟ್ಟತೊಡಗಿದಾಗ ಕಾರ್ಖಾನೆಗಳನ್ನು ಪೂರ್ವದ ಪಕ್ಕಕ್ಕೆ ಇಟ್ಟರು. ಹೊಗೆ ಊರಿನ ಮೇಲೆ ಹಾಯದೆ ಹೊರಕ್ಕೆ ಹೋಗಲೆಂದು. ಫ್ರಾನ್ಸಿನ ಟೋನಿ ಗಾರ್ನಿಯೇ ತನ್ನ ಕೈಗಾರಿಕಾ ನಗರದ ಚಿತ್ರಗಳಲ್ಲಿ ಕಾರ್ಖಾನೆಗೂ ಮನೆಗಳಿಗೂ ನಡುವೆ ಹಸುರು ನೆಲವನ್ನು ಬಿಟ್ಟನು. ಸೋವಿಯತ್ ರಷ್ಯದಲ್ಲಿ ಮಿಲ್ಯೂಟಿನ್ ಎಂಬಾತನು ೧೯೩೦ರಲ್ಲಿ ಉದ್ದುದ್ದನೆಯ ಪಟ್ಟಿಗಳಾಗಿ ಊರು ಕಟ್ಟುವ ಒಂದು ಕ್ರಮವನ್ನು ಸೂಚಿಸಿ, ಕಾರ್ಖಾನೆಯ ಪಟ್ಟಿಗೂ ವಸತಿಯ ಪಟ್ಟಿಗೂ ನಡುವೆ ಅಗಲವಾದ ಹಸುರುಪಟ್ಟಿ ಬೇಕೆಂದನು. ಅಲ್ಲಿ ಈಗಲೂ ಕಾರ್ಖಾನೆಗಳನ್ನು ಐದು ವರ್ಗಗಳಾಗಿ ವಿಂಗಡಿಸಿ, ಅತ್ಯಪಾಯದ ವರ್ಗಕ್ಕೆ ೧೦೦೦ ಮೀಟರು, ಕೊನೆಯ ವರ್ಗಕ್ಕೆ ೫೦ ಮೀಟರು ಎಂಬಂತೆ ಆರೋಗ್ಯರಕ್ಷಣೆಯ ಬಯಲನ್ನು ಗೊತ್ತುಮಾಡಿರುವರು. ಕಾಗದದ ಮೇಲೆ ಗೊತ್ತುಮಾಡಿದುದೆಲ್ಲ ನೆಲದ ಮೇಲೆ ಆಯಿತೆಂದಲ್ಲ; ಉರಲ್ ಪ್ರಾಂತದ ಮಗ್ನಿತೊಗೊರ್ಸ್ಕ್ ಉಕ್ಕಿನ ಪಟ್ಟಣದಲ್ಲಿ ಮೊದಲ ವಸತಿಯು ಹೊಗೆಯ ದಾರಿಯಲ್ಲಿಯೇ ಎದ್ದು, ಆಮೇಲೆ ಊರನ್ನು ನದಿಯಾಚೆಗೆ ಬೆಳೆಸಬೇಕಾಯಿತು.

ಗಾಳಿಯ ಈ ಸೂತ್ರವನ್ನು ಪಾಠಪುಸ್ತಕದಿಂದ ಹಾಗೆಯೇ ಎತ್ತಿ ನಮ್ಮ ನಾಡಿಗೆ ತಂದರೆ ಮೋಸಹೋಗುವೆವು. ನಮ್ಮ ಮೈದಾನದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಡುವಣದಿಂದ. ಹಿಂಗಾರು ಮತ್ತು ಚಳಿಗಾಲದಲ್ಲಿ ಮೂಡಣದಿಂದ. ಆದುದರಿಂದ ವರ್ಷವೆಲ್ಲ ಗಾಳಿಯ ಮರೆಯಾಗಿರುವ ದಿಕ್ಕೆಂಬುದು ನಮಗಿಲ್ಲ. ಕಾರ್ಖಾನೆಯ ಒಂದೇ ಮಗ್ಗುಲಲ್ಲಿ ಬಯಲು ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ, ಸುತ್ತಲೂ ಬಿಡಬೇಕು. ಅದಕ್ಕೆ ನೆಲ ಹೆಚ್ಚು ಬೇಕು. ಇಲ್ಲಿಂದಲೇ ತೊಡಕು ಮೊದಲಾಗುವುದು.

ದೂರವನ್ನು ಗೊತ್ತುಮಾಡುವುದು ಇಂಜಿನಿಯರನ ಕೆಲಸ. ಒಂದು ದಿನದಲ್ಲಿ ಮುಗಿಯುವುದು. ಗೊತ್ತುಮಾಡಿದ ದೂರವನ್ನು ಐವತ್ತು ವರ್ಷ ಬರಿದಾಗಿ ಇರಿಸುವುದು ಬೇರೆಯ ಕೆಲಸ. ಅದು ಯಾರ ಕೆಲಸವೆಂಬುದೇ ಹೆಚ್ಚಿನ ಕಡೆಗಳಲ್ಲಿ ಗೊತ್ತಾಗಿಲ್ಲ. ನಾನು ಈ ವಿಷಯದಲ್ಲಿ ಓದಿದ ಅನರ್ಥಗಳಲ್ಲಿ ಬಹುಪಾಲಿನ ಕಥೆ ಒಂದೇ: ಕಾರ್ಖಾನೆ ಬಂದಾಗ ಸುತ್ತಲೂ ಬಯಲಿತ್ತು, ಕೆಟ್ಟ ಗಳಿಗೆ ಬಂದಾಗ ಬಯಲಿರಲಿಲ್ಲ.

ಭೋಪಾಲವನ್ನೇ ನೋಡಿ. ಯೂನಿಯನ್ ಕಾರ್ಬೈಡ್ ಸಂಸ್ಥೆಯ ಕೀಟನಾಶಕದ ಕಾರ್ಖಾನೆಯು ೧೯೬೯ರಲ್ಲಿ ಹಳೆಯ ಪಟ್ಟಣದ ಉತ್ತರಕ್ಕೆ ಪ್ರಾರಂಭವಾಯಿತು. ಮೊದಲು ಅಲ್ಲಿ ನಡೆಯುತ್ತಿದ್ದುದು ಹೊರಗಿನಿಂದ ತಂದ ಸಾಮಗ್ರಿಗಳನ್ನು ಬೆರಸಿ ಕಟ್ಟುವ ಕೆಲಸ. ೧೯೮೦ರ ಸುಮಾರಿಗೆ ಮೀಥೈಲ್ ಐಸೊಸಯನೇಟ್ ಎಂಬ ಉಗ್ರವಿಷವನ್ನು ಅಲ್ಲಿಯೇ ತಯಾರಿಸಿ ದೊಡ್ಡ ತೊಟ್ಟಿಗಳಲ್ಲಿ ತುಂಬಿಡತೊಡಗಿದರು. ಕಾರ್ಖಾನೆಯ ಗೋಡೆ ಅದೇ, ಹೆಸರು ಅದೇ, ಒಳಗಿನ ಅಪಾಯ ಮಾತ್ರ ಬೇರೆಯಾಯಿತು. ಸುತ್ತಲ ಬಯಲನ್ನು ಆಗ ಯಾರೂ ಮತ್ತೆ ಅಳೆಯಲಿಲ್ಲ.

ಪಟ್ಟಣದವರಿಗೆ ಎಚ್ಚರವೇ ಇರಲಿಲ್ಲವೆಂದು ಹೇಳುವಂತಿಲ್ಲ. ಭೋಪಾಲದ ೧೯೭೫ರ ಅಭಿವೃದ್ಧಿ ಯೋಜನೆಯಲ್ಲಿ ಕೀಟನಾಶಕಗಳೇ ಮೊದಲಾದ ಹಾನಿಕರ ಕೈಗಾರಿಕೆಗಳನ್ನು ಊರಿನಿಂದ ದೂರದ ವಲಯಕ್ಕೆ ಸಾಗಿಸಬೇಕೆಂದಿತ್ತು. ಕಾರ್ಖಾನೆ ಕದಲಲಿಲ್ಲ. ೧೯೮೨ರಲ್ಲಿ ರಾಜ್ಯದ ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ, ಇಪ್ಪತ್ತೈದು ಕೋಟಿ ರೂಪಾಯಿ ಹೂಡಿರುವ ಕಾರ್ಖಾನೆಯು ಎತ್ತಿ ಆಚೆ ಇಡತಕ್ಕ ಸಣ್ಣ ಕಲ್ಲಲ್ಲವೆಂಬ ಅರ್ಥದ ಉತ್ತರ ಮಂತ್ರಿಗಳಿಂದ ಬಂದಿತು. ಈ ನಡುವೆ ಕಾರ್ಖಾನೆಯ ಎದುರಿಗೇ ಜಯಪ್ರಕಾಶನಗರವೇ ಮೊದಲಾದ ಬಡವರ ಬಡಾವಣೆಗಳು ಎದ್ದಿದ್ದುವು. ಬರಿಯ ನೆಲ, ಪಟ್ಟಣಕ್ಕೆ ಹತ್ತಿರ, ಕೂಲಿ ಸಿಕ್ಕೀತೆಂಬ ಆಸೆ. ಬಡವನು ಬೇರೆಲ್ಲಿಗೆ ಹೋಗಬೇಕು? ಅದೇ ೧೯೮೪ರಲ್ಲಿ ಮಧ್ಯಪ್ರದೇಶದ ಸರ್ಕಾರವು ನಗರಗಳ ಭೂಹೀನರಿಗೆ ಅವರು ಗುಡಿಸಿಲು ಹಾಕಿಕೊಂಡಿದ್ದ ನೆಲದ ಪಟ್ಟಾ ಕೊಡುವ ಕಾನೂನನ್ನು ಮಾಡಿತು. ಕಾನೂನು ದಯೆಯದು, ಅದನ್ನು ಆಕ್ಷೇಪಿಸಲು ನನಗೆ ಮನಸ್ಸಿಲ್ಲ. ಆದರೆ ವಿಷದ ತೊಟ್ಟಿಯ ಎದುರಿನ ನೆಲವೂ ಬೇರೆ ನೆಲವೂ ಒಂದೇ ಅಲ್ಲವೆಂದು ನೋಡಿ ಹೇಳಬೇಕಾದವರು ಹೇಳಲಿಲ್ಲ. ಬೇರೆ ಕಡೆ ನಿವೇಶನ ಕೊಟ್ಟು ಕರೆದುಕೊಂಡು ಹೋಗುವುದು ಖರ್ಚಿನ ಕೆಲಸ. ಇದ್ದಲ್ಲಿಯೇ ಕಾಗದ ಕೊಡುವುದು ಖರ್ಚಿಲ್ಲದ ಕೆಲಸ.

ಆ ವರ್ಷದ ಡಿಸೆಂಬರ್ ೨ರ ನಡುರಾತ್ರಿ ತೊಟ್ಟಿಯೊಂದಕ್ಕೆ ನೀರು ಸೇರಿ ಸುಮಾರು ೪೦ ಟನ್ನು ಅನಿಲ ಹೊರಬಿದ್ದಿತು. ನಾನು ಹೇಳಿದ ಚಳಿಗಾಲದ ರಾತ್ರಿಯೇ ಅದು. ಮೆಲ್ಲನೆಯ ಗಾಳಿ ಅನಿಲವನ್ನು ದಕ್ಷಿಣದ ಕಡೆಗೆ, ಹಳೆಯ ಪಟ್ಟಣದ ಮೇಲೆ ನಡೆಸಿತು. ಮೊದಲು ಸಿಕ್ಕಿದವರು ಎದುರಿನ ಬಡಾವಣೆಯವರು. ತತ್‌ಕ್ಷಣದ ಮರಣಗಳು ೨,೨೫೯ ಎಂದು ಸರ್ಕಾರದ ಮೊದಲ ಲೆಕ್ಕ. ಆಮೇಲೆ ಪರಿಹಾರ ಕೊಟ್ಟ ಮರಣಗಳೇ ಐದು ಸಾವಿರವನ್ನು ಮೀರಿದುವು. ಇದಕ್ಕಿಂತ ಬಹಳ ಹೆಚ್ಚೆಂದು ಹೇಳುವವರೂ ಇರುವರು. ಗಾಯಗೊಂಡವರು ಐದು ಲಕ್ಷಕ್ಕೂ ಮಿಕ್ಕಿದರೆಂದು ಸರ್ಕಾರವೇ ನ್ಯಾಯಾಲಯಕ್ಕೆ ತಿಳಿಸಿತು.

ಒಂದು ಕಿಲೋಮೀಟರಿನ ಬಯಲಿದ್ದಿದ್ದರೆ ಭೋಪಾಲದಲ್ಲಿ ಯಾರೂ ಸಾಯುತ್ತಿರಲಿಲ್ಲವೇ? ಹಾಗೆಂದು ನಾನು ಹೇಳಲಾರೆ. ೪೦ ಟನ್ನು ಅನಿಲಕ್ಕೆ ಒಂದು ಕಿಲೋಮೀಟರು ದೊಡ್ಡ ದೂರವಲ್ಲ. ಅಂಥ ವಿಷವನ್ನು ಅಷ್ಟೊಂದು ಕೂಡಿಡದೆ ಇರುವುದೇ ಮೊದಲನೆಯ ರಕ್ಷಣೆಯೆಂದು ಬ್ರಿಟಿಷ್ ರಸಾಯನ ಇಂಜಿನಿಯರ್ ಟ್ರೆವರ್ ಕ್ಲೆಟ್ಜ್ ಎಂಬುವರು ಭೋಪಾಲಕ್ಕೆ ಎಷ್ಟೋ ವರ್ಷ ಮುಂಚೆಯೇ ವಾದಿಸಿದ್ದರು. ನಡುಬಯಲು ಎರಡನೆಯ ರಕ್ಷಣೆ. ಆದರೆ ಗೋಡೆಗೆ ಅಂಟಿಕೊಂಡಿದ್ದ ಮನೆಗಳವರಿಗೆ ಏಳಲು, ಓಡಲು, ಮಕ್ಕಳನ್ನು ಎತ್ತಿಕೊಳ್ಳಲು ಸಿಕ್ಕದಿದ್ದ ನಿಮಿಷಗಳನ್ನು ಬಯಲು ಕೊಡುತ್ತಿತ್ತು. ಬಯಲೆಂದರೆ ಇಲ್ಲಿ ಕಾಲವೇ.

ಇದು ಬಡ ದೇಶದ, ಗುಡಿಸಿಲುಗಳ ದೇಶದ ಕಥೆಯೆಂದು ಯಾರಾದರೂ ಹೇಳಿಯಾರು. ಫ್ರಾನ್ಸಿನ ತುಲೂಸ್ ಪಟ್ಟಣದಲ್ಲಿ ೧೯೨೪ರಲ್ಲಿ ಗರೋನ್ ನದಿಯ ದಡದಲ್ಲಿ, ಊರಿನ ಹೊರಗೆ, ಗೊಬ್ಬರದ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಊರು ಬೆಳೆಯಿತು, ರಸ್ತೆ, ಅಂಗಡಿ, ಶಾಲೆ, ಎತ್ತರದ ವಸತಿಗೃಹಗಳು ಕಾರ್ಖಾನೆಯನ್ನು ಸುತ್ತಿಕೊಂಡುವು. ೨೦೦೧ನೆಯ ಸೆಪ್ಟೆಂಬರ್ ೨೧ರ ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಅಲ್ಲಿ ಕೂಡಿಟ್ಟಿದ್ದ ನೂರಾರು ಟನ್ನು ಅಮೋನಿಯಂ ನೈಟ್ರೇಟ್ ಸಿಡಿಯಿತು. ೩೧ ಜನ ಸತ್ತರು. ಸಾವಿರಾರು ಜನಕ್ಕೆ ಗಾಯ. ಸಹಸ್ರಾರು ಮನೆಗಳ ಕಿಟಕಿಬಾಗಿಲು ಕಿತ್ತುಹೋದುವು. ಅಲ್ಲಿ ಪಟ್ಟಾ ಇಲ್ಲದವರಾರೂ ಇರಲಿಲ್ಲ. ಎಲ್ಲವೂ ಪೌರಸಭೆಯ ಅನುಮತಿ ಪಡೆದು ಕಟ್ಟಿದವೇ.

ಆಮೇಲೆ ಫ್ರೆಂಚರು ೨೦೦೩ರ ಜುಲೈ ೩೦ರಂದು ಮಾಡಿದ ಕಾನೂನು ನಮಗೆ ವಿಚಾರಯೋಗ್ಯವಾದುದು. ಅಪಾಯದ ಕಾರ್ಖಾನೆಯ ಸುತ್ತಲೂ ವಲಯಗಳನ್ನು ಗೊತ್ತುಮಾಡಿ, ಅತಿ ಹತ್ತಿರದ ಮನೆಗಳನ್ನು ಬೆಲೆಕೊಟ್ಟು ತೆಗೆದುಕೊಳ್ಳುವುದು. ಅದರಾಚೆ, ಮನೆಯ ಒಡೆಯನು ತಾನಾಗಿ ಬಂದು 'ನನ್ನ ಮನೆಯನ್ನು ಕೊಂಡುಕೊಳ್ಳಿ' ಎಂದರೆ ಪೌರಸಭೆ ಕೊಳ್ಳಲೇಬೇಕಾದುದು. ಇನ್ನೂ ಆಚೆ, ಗಾಜು ಗೋಡೆಗಳನ್ನು ಬಲಪಡಿಸುವುದು. ಮನೆಗಳನ್ನು ಕೊಳ್ಳುವ ಖರ್ಚನ್ನು ಸರ್ಕಾರ, ಕಾರ್ಖಾನೆ, ಸ್ಥಳೀಯ ಸಂಸ್ಥೆಗಳು ಹಂಚಿಕೊಳ್ಳತಕ್ಕದ್ದು. ಇದು ಎಷ್ಟು ನಿಧಾನವಾದ, ಎಷ್ಟು ದುಬಾರಿಯಾದ ಕೆಲಸವೆಂಬುದನ್ನು ಫ್ರೆಂಚರು ಅನುಭವದಿಂದ ಕಂಡರು. ೧೯೨೪ರಲ್ಲಿ ಕೊಳ್ಳಬಹುದಾಗಿದ್ದ ಹೊಲವನ್ನು ಎಂಬತ್ತು ವರ್ಷದ ಮೇಲೆ ಮನೆಯಾಗಿ ಕೊಳ್ಳುವುದೆಂದರೆ ಮತ್ತೇನು? ತುಲೂಸಿನ ಆ ಜಾಗದಲ್ಲಿ ಈಗ ಒಂದು ಕಡೆ ಅರ್ಬುದರೋಗದ ಸಂಶೋಧನೆ ಮತ್ತು ಚಿಕಿತ್ಸೆಯ ಆಸ್ಪತ್ರೆಯುಂಟು. ಇನ್ನೊಂದು ಕಡೆ ಸೂರ್ಯಶಕ್ತಿಯಿಂದ ವಿದ್ಯುತ್ತನ್ನು ಪಡೆಯುವ ಫಲಕಗಳನ್ನು ಹಾಸಿರುವರು.

ನಮ್ಮ ದೇಶದಲ್ಲಿ ಭೋಪಾಲದ ಮರುವರ್ಷ, ೧೯೮೫ರಲ್ಲಿ, ಕೇಂದ್ರ ಸರ್ಕಾರವು ಕೈಗಾರಿಕೆಗಳ ಸ್ಥಳನಿರ್ಣಯಕ್ಕೆ ಸೂಚನೆಗಳನ್ನು ಹೊರಡಿಸಿತು. ದೊಡ್ಡ ಕಾರ್ಖಾನೆಯ ಸುತ್ತಲೂ ಅರ್ಧ ಕಿಲೋಮೀಟರು, ದುರ್ವಾಸನೆಯದಾದರೆ ಒಂದು ಕಿಲೋಮೀಟರು ಹಸುರುಪಟ್ಟಿಯಿರಬೇಕೆಂದು ಅದರಲ್ಲಿ ಹೇಳಿದೆ. ೧೯೮೫ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಕಾರ್ಖಾನೆಗಳು ಜನಸಂದಣಿಯಿಲ್ಲದ ಕಡೆ ಇರಬೇಕೆಂದೂ ಸುತ್ತಲೂ ೧ರಿಂದ ೫ ಕಿಲೋಮೀಟರು ಅಗಲದ ಹಸುರುವಲಯ ಬೇಕೆಂದೂ ಅಭಿಪ್ರಾಯಪಟ್ಟಿತು. ೧೯೮೭ರಲ್ಲಿ ಕಾರ್ಖಾನೆಗಳ ಕಾನೂನನ್ನು ತಿದ್ದಿ, ಸ್ಥಳವನ್ನು ಪರೀಕ್ಷಿಸುವ ಸಮಿತಿಗಳಿಗೆ ಅವಕಾಶ ಮಾಡಿದರು. ಮಾತಿಗೆ ಕೊರತೆಯಿಲ್ಲ.

ನಡೆಯಲ್ಲಿ ಆದುದೇನೆಂದರೆ, ಹಸುರುಪಟ್ಟಿಯೆಂಬುದು ಮೆಲ್ಲಮೆಲ್ಲನೆ ಅರ್ಥ ಬದಲಾಯಿಸಿತು. ಕಾರ್ಖಾನೆಗಳಿಗೆ ಅನುಮತಿ ಕೊಡುವಾಗ ಬಹುಕಾಲ ಸಾಮಾನ್ಯವಾಗಿ ಹಾಕುತ್ತಿದ್ದ ಷರತ್ತು, ತನ್ನ ಆವರಣದ ನೂರಕ್ಕೆ ೩೩ ಪಾಲು ನೆಲದಲ್ಲಿ ಮರ ಬೆಳೆಸಬೇಕೆಂಬುದಾಗಿತ್ತು. ಹತ್ತು ಎಕರೆಯ ಆವರಣವಾದರೆ ಮೂರು ಎಕರೆ ಚಿಲ್ಲರೆ ತೋಪಾಯಿತು. ಗೋಡೆಯಾಚೆ ಇಪ್ಪತ್ತು ಅಡಿಗೆ ಮನೆ ಇದ್ದರೂ ಷರತ್ತು ನಡೆದಂತೆಯೇ. ದೂರವು ಹೀಗೆ ತೋಟಗಾರಿಕೆಯಾಗಿ ಮಾರ್ಪಟ್ಟಿತು. ಎಣಿಸಲು ಸುಲಭವೆಂಬುದರಿಂದ ಅಧಿಕಾರಿಗಳಿಗೂ ಇದು ಇಷ್ಟ.

ವಿಶಾಖಪಟ್ಟಣದ ಸಂಗತಿ ತಮ್ಮ ನೆನಪಿನಲ್ಲಿ ಹಸುರಾಗಿರಬೇಕು. ೧೯೬೧ರಲ್ಲಿ ಊರ ಹೊರಗೆ ಪ್ರಾರಂಭವಾದ ಪ್ಲಾಸ್ಟಿಕಿನ ಕಾರ್ಖಾನೆಯಿಂದ ೨೦೨೦ನೆಯ ಮೇ ೭ರ ಬೆಳಗಿನ ಜಾವ ಸ್ಟೈರೀನ್ ಆವಿ ಹೊರಬಿದ್ದು, ಪಕ್ಕದ ವೆಂಕಟಾಪುರದಲ್ಲಿ ಮಲಗಿದ್ದವರನ್ನು ಕೆಡವಿತು. ಹನ್ನೆರಡು ಜನ ಸತ್ತರು. ಅಲ್ಲಿಯೂ ಮನೆಗಳು ಕಾಂಪೌಂಡಿನ ಸಮೀಪಕ್ಕೇ ಬಂದಿದ್ದುವು.

ಹೀಗೇಕಾಗುವುದು? ಜನಕ್ಕೆ ಬುದ್ಧಿಯಿಲ್ಲದೆ ಕಾರ್ಖಾನೆಯ ಪಕ್ಕಕ್ಕೆ ಹೋಗುವರೆಂದು ಓದಿದವರು ಹೇಳುವುದನ್ನು ಕೇಳಿದ್ದೇನೆ. ಬುದ್ಧಿ ಇರುವುದರಿಂದಲೇ ಹೋಗುವರು. ಹೊಗೆಯ ಪಕ್ಕದ ನೆಲ ಅಗ್ಗ. ಕೆಲಸಕ್ಕೆ ನಡೆದು ಹೋಗಬಹುದು. ರಾತ್ರಿಯ ಪಾಳಿ ಮುಗಿದಾಗ ಬಸ್ಸಿರುವುದಿಲ್ಲವಷ್ಟೆ. ಕೂಲಿಯವನ ಹೆಂಡತಿ ಅಲ್ಲಿಯೇ ಇಡ್ಲಿ ಮಾರಿ ನಾಲ್ಕು ಕಾಸು ಕಾಣುವಳು. ಕಾರ್ಖಾನೆಯಿಂದ ಮನೆ ದೂರವಿರಲಿ ಎಂದು ವಿಧಿಸುವ ಸರ್ಕಾರವು ಆ ದೂರವನ್ನು ದಾಟುವ ಸೌಕರ್ಯವನ್ನೂ ಕೊಡಬೇಕು: ಪಾಳಿಯ ಹೊತ್ತಿಗೆ ಸರಿಯಾಗಿ ಬಸ್ಸು, ಬಡವನ ಕೈಗೆಟುಕುವ ನಿವೇಶನ. ಇವೆರಡನ್ನೂ ಕೊಡದೆ ಬರಿಯ ನಿಷೇಧದ ಫಲಕವನ್ನು ನೆಟ್ಟರೆ, ಆ ಫಲಕದ ಕಂಬಕ್ಕೇ ಬಟ್ಟೆ ಒಣಹಾಕುವ ಹಗ್ಗ ಕಟ್ಟುವರು. ಊರ ಹೊರಗಿನ ಕೇರಿಯ ಹಳೆಯ ನಕ್ಷೆ ಅಳಿಸಿಹೋಗಿದೆಯೇ ಎಂದು ಕೇಳಿದೆನಲ್ಲ; ಉತ್ತರ ಇಲ್ಲಿದೆ. ಹಿಂದೆ ಕಟ್ಟಳೆ ಮಾಡಿದುದನ್ನು ಈಗ ನೆಲದ ಬೆಲೆ ಮಾಡುತ್ತಿದೆ.

ಬಡವರೇ ಅಲ್ಲ. ಬೆಂಗಳೂರಿನ ಪೀಣ್ಯವು ೧೯೭೦ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ಬೆಳೆಯತೊಡಗಿದಾಗ ಊರಿನ ಆಚೆ ಇತ್ತು. ಈಗ ಅದು ಊರಿನ ಒಳಗೆ. ಮೆಟ್ರೊ ರೈಲು ೨೦೧೪ರಿಂದ ಅದರ ಮೇಲೆಯೇ ಓಡುತ್ತಿದೆ. ಲೇಪನದ ಕಾರ್ಖಾನೆಗಳಿಗೆ ಕೂಗಳತೆಯಲ್ಲಿ ಬಹು ಅಂತಸ್ತಿನ ಮನೆಗಳು. ಮಂಗಳೂರಿನ ತೈಲಶುದ್ಧಿಯ ಕಾರ್ಖಾನೆಯ ಪಕ್ಕದ ಜೋಕಟ್ಟೆಯಲ್ಲಿ ಇದರ ಇನ್ನೊಂದು ಮುಖವನ್ನು ಕಾಣಬಹುದು. ಅಲ್ಲಿ ಮನೆಗಳು ಕಾರ್ಖಾನೆಯ ಹತ್ತಿರಕ್ಕೆ ಹೋಗಲಿಲ್ಲ. ಕಾರ್ಖಾನೆಯ ಹೊಸ ಘಟಕವೇ ಮನೆಗಳ ಹತ್ತಿರಕ್ಕೆ ಬಂದಿತು. ಕೋಕಿನ ಕಪ್ಪುಧೂಳು ಅಂಗಳದಲ್ಲಿ, ಅಡಿಗೆಮನೆಯಲ್ಲಿ ಬೀಳುತ್ತಿದೆಯೆಂದು ಗ್ರಾಮಸ್ಥರು ವರ್ಷಗಟ್ಟಲೆ ಹೋರಾಡಿದ ಮೇಲೆ, ನಡುವೆ ಹಸುರುವಲಯ ಮಾಡಬೇಕೆಂದು ಸರ್ಕಾರದ ಆಜ್ಞೆಯಾಯಿತು. ಆಜ್ಞೆಯಾದ ಮೇಲೆ ಅದಕ್ಕೆ ನೆಲ ಹುಡುಕುವ ಕೆಲಸ ಬಹುಕಾಲ ಎಳೆಯಿತು. ಘಟಕವನ್ನು ಕಟ್ಟುವ ಮೊದಲು ಕೊಳ್ಳಬೇಕಾದ ನೆಲ ಅದು.

ಹಾಗಾದರೆ ಬಯಲನ್ನು ಬಯಲಾಗಿಯೇ ಉಳಿಸುವ ಉಪಾಯವೇನು? ಇಲ್ಲಿ ನಮ್ಮ ಹಳ್ಳಿಗಳಿಂದ ಕಲಿಯತಕ್ಕದ್ದು ಸ್ವಲ್ಪ ಇದೆ. ಗೋಮಾಳ, ಗುಂಡುತೋಪು, ಕೆರೆಯಂಗಳ ಇವು ತಲೆಮಾರುಗಟ್ಟಲೆ ಬರಿದಾಗಿ ಉಳಿದುದು ಕಾನೂನಿನ ಭಯದಿಂದ ಮಾತ್ರವಲ್ಲ, ಅವಕ್ಕೆ ಉಪಯೋಗವಿತ್ತು. ದಿನವೂ ದನ ಮೇಯುವ ನೆಲದಲ್ಲಿ ಒಬ್ಬನು ಗೂಟ ನೆಟ್ಟರೆ ಊರೆಲ್ಲ ಕೇಳುತ್ತಿತ್ತು. ದನ ಕಡಮೆಯಾದಂತೆ ಗೋಮಾಳವೂ ಕರಗಿತು. ಬೆಂಗಳೂರಿನಲ್ಲಿ ನಲ್ಲಿಯ ನೀರು ಬಂದು ಕೆರೆಯ ನೀರು ಬೇಡವಾದ ಮೇಲೆ ಧರ್ಮಾಂಬುಧಿಯ ಕೆರೆ ಬಸ್ಸಿನ ನಿಲ್ದಾಣವಾಯಿತು, ಸಂಪಂಗಿಯ ಕೆರೆ ಕ್ರೀಡಾಂಗಣವಾಯಿತು. ಉಪಯೋಗವಿಲ್ಲದ ನೆಲಕ್ಕೆ ಕಾವಲುಗಾರನಿಲ್ಲ.

ಆದುದರಿಂದ ನಡುಬಯಲಿಗೆ, ಜನ ಮಲಗದಂಥ ಉಪಯೋಗವೊಂದನ್ನು ಕೊಡಬೇಕು: ಸೌದೆಯ ನೆಡುತೋಪು, ರೈಲಿನ ಪಕ್ಕದ ಹಳಿಗಳು, ಸರಕು ಇಡುವ ಮಳಿಗೆ, ಶುದ್ಧಿಮಾಡಿದ ನೀರಿನ ಕೊಳ, ಸೂರ್ಯಶಕ್ತಿಯ ಫಲಕಗಳು. ಬ್ರಿಟನ್ನಿನವರು ಇದನ್ನು ಸೂಕ್ಷ್ಮವಾಗಿ ವಿಂಗಡಿಸಿರುವರು. ಅಪಾಯದ ಕಾರ್ಖಾನೆಯ ಸುತ್ತಲೂ ಒಳವಲಯ, ನಡುವಲಯ, ಹೊರವಲಯ ಎಂದು ಮೂರು ಗೆರೆ. ಒಳವಲಯದಲ್ಲಿ ಸಣ್ಣ ಕಾರ್ಯಾಗಾರವೊಂದು ಬಂದರೆ ಅವರ ಸುರಕ್ಷತಾ ಇಲಾಖೆ ಬೇಡವೆನ್ನದು. ಮನೆಗಳು ಬರಲು ಹೊರಟರೆ ಬೇಡವೆನ್ನುವುದು. ನಡುವಲಯದಲ್ಲಿ ಸಾಧಾರಣ ಮನೆಗಳಿರಬಹುದು; ಶಾಲೆ, ವೃದ್ಧರ ಆಶ್ರಮ ಕೂಡದು. ದೊಡ್ಡ ಆಸ್ಪತ್ರೆಯಂಥವು ಹೊರವಲಯದಲ್ಲಿಯೂ ಕೂಡದು. ಏಳಲಾರದವರು, ಓಡಲಾರದವರು ಹೆಚ್ಚು ದೂರವಿರಲಿ ಎಂಬುದು ಇದರ ತಿರುಳು. ನಮ್ಮಲ್ಲಿ ಕಾರ್ಖಾನೆಯ ಗೇಟಿನ ಎದುರಿಗೇ, ಪುಕ್ಕಟೆ ನೆಲ ಸಿಕ್ಕಿತೆಂದು, ಪ್ರಾಥಮಿಕ ಶಾಲೆಯನ್ನು ಕಟ್ಟುವುದುಂಟು.

ನೆಲ ಯಾರದಾಗಿರಬೇಕು? ಕಾರ್ಖಾನೆಯದೇ ಆಗಿರಬೇಕೆಂದು ನಾನು ಹೇಳುವೆನು. ಅಪಾಯವನ್ನು ಉಂಟುಮಾಡುವವನು ಅದರ ದೂರದ ಬೆಲೆಯನ್ನೂ ಕೊಡಲಿ. ತನ್ನ ವಿಷದ ತೊಟ್ಟಿಯನ್ನು ಚಿಕ್ಕದು ಮಾಡಿಕೊಂಡರೆ ಕೊಳ್ಳಬೇಕಾದ ನೆಲವೂ ಕಡಮೆಯಾಗಲಿ. ಆಗ ವಿಷವನ್ನು ಕಡಮೆ ಕೂಡಿಡುವುದರಲ್ಲಿ ಅವನಿಗೇ ಲಾಭ. ಇದಕ್ಕೆ ಎದುರಾಗಿ, ಎಕರೆಗೆ ಕೋಟಿಗಟ್ಟಲೆ ಬೆಲೆಯಿರುವಾಗ ಅಷ್ಟು ನೆಲ ಕೊಂಡು ಯಾರು ಕೈಗಾರಿಕೆ ನಡೆಸಿಯಾರು, ನಮ್ಮ ಹುಡುಗರಿಗೆ ಕೆಲಸವೆಲ್ಲಿ ಎಂದು ಕೇಳುವರು. ಪ್ರಶ್ನೆ ನ್ಯಾಯವಾದುದು. ಕೈಗಾರಿಕೆಯಿಲ್ಲದೆ ಈ ನಾಡು ಬಾಳಲಾರದೆಂಬುದನ್ನು ವಿಶ್ವೇಶ್ವರಯ್ಯನವರು ನಮಗೆ ಒಂದು ಶತಮಾನದ ಹಿಂದೆಯೇ ಕಲಿಸಿದರು. ಆದರೆ ಬಯಲಿನ ಬೆಲೆಯನ್ನು ಕಾರ್ಖಾನೆ ಕೊಡದಿದ್ದಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಗೋಡೆಯಾಚೆಯ ಮನೆಯವರು ಅದನ್ನು ಕೆಮ್ಮಾಗಿ, ಆಸ್ಪತ್ರೆಯ ಖರ್ಚಾಗಿ, ಒಂದೊಂದು ವೇಳೆ ಪ್ರಾಣವಾಗಿ ಕೊಡುತ್ತಿರುವರು. ಬೆಂಗಳೂರಿನ ಸುತ್ತಣ ಸಾವಿರ ಸಣ್ಣ ಕಾರ್ಖಾನೆಗಳಿಗೆ ಈ ಕಟ್ಟುನಿಟ್ಟು ಬೇಕಿಲ್ಲ. ವಿಷ, ಸ್ಫೋಟ, ಭಾರಿ ಧೂಳು ಇರುವ ಕೆಲವಕ್ಕೆ ಬೇಕು, ಅವಕ್ಕೆ ತಪ್ಪದೆ ಬೇಕು.

ಇನ್ನೊಂದು ಸಂಗತಿ ಉಳಿದಿದೆ. ಕಾರ್ಖಾನೆ ಮುಚ್ಚಿದ ಮೇಲೆ ಬಯಲನ್ನು ಬಿಟ್ಟುಕೊಡಬಹುದೇ? ಕೋಲಾರದ ಚಿನ್ನದ ಗಣಿಗಳಿಗೆ ಹೋದವರಿಗೆ ಇದರ ಉತ್ತರ ಗೊತ್ತು. ೧೮೮೦ರಿಂದ ಅಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿ ತೋಡಿಸಿದರು. ಪುಡಿಮಾಡಿದ ಕಲ್ಲಿನಿಂದ ಸೈನೈಡ್ ದ್ರವದಲ್ಲಿ ಚಿನ್ನವನ್ನು ತೆಗೆದು ಉಳಿದ ನುಣ್ಣನೆಯ ಮಣ್ಣನ್ನು ಗುಡ್ಡೆ ಹಾಕಿದರು. ಕೂಲಿಗಳ ಮನೆಗಳು, ಅಲ್ಲಿಯ ಮಾತಿನಲ್ಲಿ 'ಲೈನು'ಗಳು, ಗಣಿಯ ಬಾಯಿಗೆ ಹತ್ತಿರ, ಎಂದರೆ ಗುಡ್ಡೆಗಳಿಗೂ ಹತ್ತಿರ. ೨೦೦೧ನೆಯ ಫೆಬ್ರವರಿ ೨೮ರಂದು ಗಣಿ ನಿಂತಿತು. ಯಂತ್ರ ನಿಂತಿತು, ಸಂಬಳ ನಿಂತಿತು. ಸೈನೈಡ್ ದಿಬ್ಬಗಳು ನಿಂತಲ್ಲಿಯೇ ಇವೆ, ಕೋಟಿಗಟ್ಟಲೆ ಟನ್ನು. ಗಾಳಿ ಎದ್ದಾಗ ಬೂದುಬಣ್ಣದ ಧೂಳು ಇಂದಿಗೂ ಲೈನುಗಳ ಮೇಲೆ ಹಾಯುವುದು. ಹೆಂಗಸರು ಒಣಹಾಕಿದ ಬಟ್ಟೆಯನ್ನು ಓಡಿಬಂದು ತೆಗೆದುಕೊಳ್ಳುವರು. ಭೋಪಾಲದಲ್ಲಿಯೂ ಹಾಗೆಯೇ ಆಯಿತು. ೧೯೮೪ರಲ್ಲಿ ನಿಂತುಹೋದ ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ ವಿಷದ ಕಸದಲ್ಲಿ ೩೩೭ ಟನ್ನನ್ನು ಪೀತಂಪುರಕ್ಕೆ ಸಾಗಿಸಿದುದು ೨೦೨೫ರ ಜನವರಿಯಲ್ಲಿ, ನಾಲ್ವತ್ತು ವರ್ಷಗಳ ಮೇಲೆ. ಅದನ್ನು ಅಲ್ಲಿಯೇ ಸುಟ್ಟರು. ಅಷ್ಟರಲ್ಲಿ ಅದು ಸುತ್ತಲ ಬಾವಿಗಳ ನೀರಿಗೂ ಇಳಿದಿತ್ತು. ಮುಚ್ಚಿದ ಕಾರ್ಖಾನೆಯ ನೆಲ ತೆರವಾಯಿತೆಂದು ಮೊದಲು ಹಿಗ್ಗುವವನು ನಿವೇಶನದ ದಲ್ಲಾಳಿ. ನೆಲವನ್ನೂ ನೀರನ್ನೂ ಪರೀಕ್ಷಿಸಿ ಶುದ್ಧವೆಂದು ಕಾಣುವ ತನಕ ನಡುಬಯಲು ಕಾರ್ಖಾನೆಯ ಜೊತೆಯಲ್ಲಿ ಮುಚ್ಚತಕ್ಕದ್ದಲ್ಲ.

ಪಟ್ಟಣದ ಹೊಸ ನಕ್ಷೆಯ ಕರಡನ್ನು ಪ್ರಕಟಿಸಿದಾಗ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯುವುದು ನಮ್ಮ ರಾಜ್ಯದ ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾನೂನಿನಲ್ಲಿಯೇ ಇದೆ. ತನ್ನ ನಿವೇಶನ ಹಸುರಿನಲ್ಲಿ ಬಿದ್ದಿದೆ, ಹಳದಿಗೆ ಸೇರಿಸಿರಿ ಎಂಬ ಅರ್ಜಿಗಳು ಆಗ ಮೂಟೆಮೂಟೆಯಾಗಿ ಬರುವುವು. ನೇರಳೆಗೂ ಹಳದಿಗೂ ನಡುವೆ ಬಿಳಿಯ ಪಟ್ಟಿ ಎಲ್ಲಿ, ಎಷ್ಟು ಅಗಲ, ಯಾರ ಹೆಸರಿನಲ್ಲಿ, ಯಾವ ಉಪಯೋಗಕ್ಕೆ ಎಂದು ಕೇಳುವ ಅರ್ಜಿಗೂ ಅದೇ ಕಚೇರಿ, ಅದೇ ಗಡುವು. ಆ ಪಟ್ಟಿಯ ಪಕ್ಕದಲ್ಲಿ ಮುಂದೆ ಮನೆ ಕಟ್ಟತಕ್ಕವರು ಈಗ ಇನ್ನೂ ಈ ಊರಿಗೆ ಬಂದಿಲ್ಲ. ಅವರ ಪರವಾಗಿ ಅರ್ಜಿ ಹಾಕುವವರು ಇಲ್ಲಿರುವವರೇ ಆಗಬೇಕು.